ಠೇವಣಿ

ನೀತಿಸಂಹಿತೆ ಜಾರಿಯಾದ ಮೂರನೇ ದಿನದಿಂದ
ಹಿರಿಯಡ್ಕ ಠಾಣೆಗೆ ಕೋವಿಗಳು ಬರುತ್ತವೆ,
ಜೀಪಿನಲ್ಲಿ, ಆಟೋದಲ್ಲಿ,
ಬೈರಾಸಿನಲ್ಲಿ ಸುತ್ತಿಕೊಂಡು
ಬೈಕಿನ ಹಿಂದೆ ಕೂತ ಭಾವನ ತೊಡೆಯ ಮೇಲೆ.

ನಾನು ರಶೀದಿ ಬರೆಯುತ್ತೇನೆ.
ನಂಬರು, ನಳಿಗೆ ಒಂದೋ ಎರಡೋ,
ಹಿಡಿಯಲ್ಲಿ ಬಿರುಕುಂಟೋ.
ನಳಿಗೆಗೆ ಚೀಟಿ ಕಟ್ಟುತ್ತೇನೆ,
ಹೆರಿಗೆ ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟಿದ ಹಾಗೆ.

"ಎಣ್ಣೆ ಹಚ್ಚಿ ಇಡಿ ಮೇಡಮ್,
ಕಳೆದ ಸಲ ತುಕ್ಕು ಹಿಡಿಸಿ ಕೊಟ್ಟಿದ್ದೀರಿ."
ಇದು ಪದ್ಮರಾಜ ಬಲ್ಲಾಳರು, ಪ್ರತಿ ಸಲ.
"ಹಂದಿ ಬಂದರೆ ನಾನು ರಶೀದಿ ತೋರಿಸುದಾ?"
ಇದು ಬೂದ ನಾಯ್ಕರು.
ಅವರ ಮಾತು ಸುಳ್ಳಲ್ಲ. ಮರಗೆಣಸಿನ ಪಾತಿ ನಾನೇ ಕಂಡಿದ್ದೇನೆ,
ಜೆಸಿಬಿ ಹೋದ ಹಾಗಿತ್ತು.

ಒಟ್ಟು ನೂರಾ ಹದಿನೇಳು.
ಇನ್ನೊಂದು ಮೊದಲೇ ಕೆಳಗಿನ ಖಾನೆಯಲ್ಲುಂಟು,
ಅದಕ್ಕೆ ರಶೀದಿ ಇಲ್ಲ, ಅರಗಿನ ಮೊಹರು.
ಮಾವನ ಮನೆಯ ಮೊಳೆಯಲ್ಲಿ ತೂಗುತ್ತಿತ್ತು.
ಒಳಗೆ ತೋಟೆ ಇದ್ದದ್ದು ಅವನಿಗೆ ನೆನಪಿರಲಿಲ್ಲ.
ಮನ್ವಿತನಿಗೆ ಒಂಬತ್ತು. ಸ್ಟೂಲು ಹತ್ತಿದ್ದ.
ಮಹಜರಿನಲ್ಲಿ ಸ್ಟೂಲಿನ ಎತ್ತರ ಬರೆದವಳು ನಾನು,
ಹದಿನೆಂಟು ಇಂಚು.

ಐರಿನ್ ಟೀಚರು ಆ ಬೇಸಿಗೆಯಿಡೀ ಮನೆಮನೆ ಹತ್ತಿದರು.
ಕೋವಿ ಬೇಡ ಅಂತಲ್ಲ.
ಕೋವಿಗೊಂದು ಕಬ್ಬಿಣದ ಪೆಟ್ಟಿಗೆ, ತೋಟೆಗೆ ಇನ್ನೊಂದು,
ವರ್ಷಕ್ಕೊಮ್ಮೆ ಯಾರಾದರೂ ಬಂದು ನೋಡಿ ಹೋಗಲಿ.
ಅಷ್ಟೆ.
ಆರು ಸಾವಿರದ ನಾನ್ನೂರು ಸಹಿ.
ಬೀಡಿ ಬ್ರಾಂಚಿನ ಸಾಲಿಗೆ ಸಾಲೇ ಹಾಕಿತು,
ಬೂದ ನಾಯ್ಕರ ಹೆಂಡತಿ ಹೆಬ್ಬೆಟ್ಟು ಒತ್ತಿದಳು,
ಬಲ್ಲಾಳರ ಸೊಸೆ ಇಂಗ್ಲಿಷಿನಲ್ಲಿ.

ಶಾಸಕರು ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.
ಕಣ್ಣು ಒದ್ದೆಯಾದದ್ದು ನಾಟಕವಲ್ಲ,
ಬಂದೋಬಸ್ತಿಗೆ ನಾನು ಎರಡು ಮಾರು ದೂರದಲ್ಲಿದ್ದೆ.
"ಇದನ್ನು ಸದನದಲ್ಲಿ ಎತ್ತುತ್ತೇನೆ ಟೀಚರೇ."
ಎತ್ತಿದರು,
ಮೇಜಿನಿಂದ ಕಾರಿನ ಹಿಂದಿನ ಸೀಟಿಗೆ.

ರಾತ್ರಿ ಪ್ರವಾಸಿ ಬಂಗಲೆಯ ಜಗಲಿಯಲ್ಲಿ
ತಣಿದ ಗೋಳಿಬಜೆ ಮುರಿಯುತ್ತಾ ಅವರೇ ಹೇಳಿದರು,
ನನಗೋ, ಗನ್‌ಮ್ಯಾನಿಗೋ, ತಮಗೇ ಗೊತ್ತಿಲ್ಲದ ಹಾಗೆ:
"ಆರು ಸಾವಿರ ಮಂದಿ ಇವತ್ತು ಪೆಟ್ಟಿಗೆ ಕೇಳುತ್ತಾರೆ,
ನಾಳೆ ನಲ್ಲಿ ನೀರು, ನಾಡಿದ್ದು ಮೋರಿ.
ಪೆಟ್ಟಿಗೆ ಕೊಡಲಿಲ್ಲ ಅಂತ ಓಟು ತಪ್ಪಿಸುವವರು ಯಾರು?
ಆ ನೂರು ಮಂದಿ ಉಂಟಲ್ಲ,
ಅವರು ಬೇರೆ ಎಲ್ಲ ಮರೆತಾರು, ಇದೊಂದು ಮರೆಯುವುದಿಲ್ಲ.
ಸೊಸೈಟಿಯ ಡೈರೆಕ್ಟರು ಅವರೇ,
ಬೂತಿನಲ್ಲಿ ಪಟ್ಟಿ ಹಿಡಿದು ಕೂರುವವರು ಅವರೇ,
ಮುದುಕರನ್ನು ಜೀಪಿಗೆ ಹತ್ತಿಸುವವರೂ.
ನಾನು ಗೆದ್ದದ್ದು ಎಷ್ಟರಲ್ಲಿ ಗೊತ್ತುಂಟಾ?"

ಗೊತ್ತುಂಟು. ನಾನ್ನೂರಾ ಒಂಬತ್ತು.
ಎಣಿಕೆಯ ಕೋಣೆಯ ಬಾಗಿಲು ಕಾದವಳು ನಾನೇ.
ಆ ಬಾಗಿಲಿಗೆ ಎರಡು ಬೀಗ, ಒಂದು ಮೊಹರು,
ಮತಯಂತ್ರಕ್ಕೆ ಕಬ್ಬಿಣದ ಟ್ರಂಕು,
ಹಗಲಿರುಳು ಇಬ್ಬರ ಕಾವಲು.
ಓಟಿಗೆ ಅಪಾಯ ಅಂದರೆ ಒಂದು ಕಾಗದ ಸಾಕು,
ಒಂದು ವಾರದಲ್ಲಿ ಅಷ್ಟೂ ಕೋವಿ ನನ್ನ ಕಪಾಟಿನಲ್ಲಿ.
ಯಾರ ಹಕ್ಕೂ ಸಾಯುವುದಿಲ್ಲ.
ಗೊಣಗುತ್ತಾರೆ, ಎಣ್ಣೆ ಹಚ್ಚಿ ಅನ್ನುತ್ತಾರೆ, ಹೋಗುತ್ತಾರೆ.

ನಳಿಗೆ ಮಡಚಿ ನೋಡಿಯೇ ಒಳಗಿಡುವುದು ನನ್ನ ಕ್ರಮ.
ಪ್ರತಿ ಸಲ ಮೂರೋ ನಾಲ್ಕೋ ಈಡು ತುಂಬಿಯೇ ಬರುತ್ತವೆ.
ತಂದವರು ನಗುತ್ತಾರೆ, "ಛೆ, ಮರೆತೇ ಹೋಯ್ತು."
ಅದನ್ನು ಬರೆಯಲು ರಶೀದಿಯಲ್ಲಿ ಜಾಗವಿಲ್ಲ.

ಈ ಸಲವೂ ಅವರೇ ಗೆದ್ದರು.
ಪಟಾಕಿಯ ಕೆಂಪು ಕಾಗದ ಮೆಟ್ಟಿಕೊಂಡು
ಕೋವಿಯವರು ಸಾಲು ನಿಂತರು.

ಎದುರಿನ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಶಾಂಭವಿ,
ಮನ್ವಿತನ ತಾಯಿ, ಮಡಿಲಲ್ಲಿ ಬೀಡಿಯ ತಡ್ಪೆ.
ಗೇಟಿನಿಂದ ಒಂದೊಂದು ಹೊರಬಿದ್ದಾಗಲೂ
ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು.

ಸಂಜೆ ನಾನು ಬಸ್ಸಿಗೆ ನಿಂತಾಗ ಹೇಳಿದಳು,
ಇಪ್ಪತ್ತೈದಕ್ಕೊಂದು ಕಟ್ಟು ಹಾಕುವವಳ ಲೆಕ್ಕದಲ್ಲಿ:
"ನಾಲ್ಕು ಕಟ್ಟು, ಮೇಲೆ ಹದಿನೇಳು.
ಎಲ್ಲ ಮನೆಗೆ ಹೋದವು ಅಲ್ಲವಾ ಮೇಡಮ್?"

ಒಂದು ಉಳಿದಿದೆ ಎಂದು ಹೇಳಲು ಬಾಯಿ ತೆರೆದೆ.
ಬಸ್ಸು ಬಂತು.
ಅವಳು ತಡ್ಪೆಯನ್ನು ಮೊದಲು ಹತ್ತಿಸಿದಳು.